ಮಾವನ ಕೋವಿಯ ಕಟಕಟ ಸದ್ದು

ಊರಿಂದ ದೂರ ಉತ್ತರದಲ್ಲಿ, ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನಮ್ಮ ಜೊತೆಗಿದ್ದ ಮಾವ ಒಂದು ಬೆಳಿಗ್ಗೆ, ಕೋವಿಯನ್ನು ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿಬಿಡುತ್ತೇನೆ ಎಂದರು. ಅದು ಅವರ ಅಪ್ಪನ ಕಾಲದ್ದು, ಕೆಳಗಿನ ಲಿವರ್ ಎಳೆದು ಗುಂಡು ತುಂಬುವ ಹಳೆಯ ರೈಫಲ್. ಈಚೆಗೆ ಅವರು ಅದನ್ನು ಎತ್ತಿದರೆ ಕಟಕಟ ಸದ್ದು. ವಯಸ್ಸಾಯಿತು, ಕೈ ನಡುಗುತ್ತಿದೆ ಎಂದು ಅವರೂ ನಂಬಿದ್ದರು, ನನ್ನ ಗಂಡನೂ ನಂಬಿದ್ದ. ಕೊಡವರು ಆಯುಧಗಳನ್ನು ಪೂಜಿಸುವ ಕೈಲ್ ಮುಹೂರ್ತ ಹತ್ತಿರ ಬಂದಿತ್ತು. ನೆಟ್ಟಗೆ ಹಿಡಿಯಲಾಗದವನು ಕೋವಿಗೆ ಹೂ ಮುಡಿಸಬಾರದು ಎನ್ನುವುದು ಮಾವನ ಹಠ.

ನಾನೋ ಮೈಸೂರಿನವಳು, ಕೋವಿಯ ಗಂಧಗಾಳಿ ಗೊತ್ತಿಲ್ಲ. ಕಪಾಟು ಒರೆಸಲೆಂದು ಅದನ್ನು ಆಚೆ ಎತ್ತಿಟ್ಟೆ. ನನ್ನ ಕೈಯಲ್ಲೂ ಕಟಕಟ! ನನ್ನ ಕೈಗೇನು ಧಾಡಿ? ನೋಡಿದರೆ, ನಳಿಗೆಯ ಕೆಳಗೆ ಎಡಗೈ ಹಿಡಿಯುವ ಮರ ಸಡಿಲಾಗಿ ಅಲ್ಲಾಡುತ್ತಿತ್ತು.

"ಮಾವ, ನಡುಗೋದು ನಿಮ್ಮ ಕೈಯಲ್ಲ, ಈ ಮರ" ಎಂದೆ. ಅವರು ಪೇಪರ್ ಮಡಿಸಿಟ್ಟು ಎದ್ದು ಬಂದರು. ಅಷ್ಟು ಚುರುಕಾಗಿ ಅವರು ಎದ್ದಿದ್ದನ್ನು ನಾನು ನೋಡಿ ಬಹಳ ದಿನವಾಗಿತ್ತು.

ಒಳಗೆ ಗುಂಡಿಲ್ಲವೆಂದು ಅವರೇ ಬೆರಳಿಟ್ಟು ನೋಡಿದರು. ಅವರು ಹೇಳಿದಂತೆ ನಾನು ಮರವನ್ನು ನಳಿಗೆಗೆ ಬಿಗಿದಿದ್ದ ಉಕ್ಕಿನ ಪಟ್ಟಿಯ ಸ್ಕ್ರೂ ಬಿಚ್ಚಿ ಅದನ್ನು ಮುಂದಕ್ಕೆ ಜಾರಿಸಿ ತೆಗೆದೆ. ಅಬ್ಬಾ, ಹೊರಗೆ ಕಪ್ಪಗಿದ್ದ ಮರ ಒಳಗೆ ಈಗ ತಾನೇ ಕೆತ್ತಿದಷ್ಟು ಹೊಸದಾಗಿತ್ತು. ಯಾರದೋ ಉಳಿಯ ಗೆರೆಗಳು ಹಾಗೇ ಇದ್ದವು. ಅವನ್ನೇ ನೋಡುತ್ತ ಕೂತೆ. ಕೆಟ್ಟಿದ್ದು ಹಿಂದಿನ ತುದಿ ಮಾತ್ರ. ಅದು ಎಣ್ಣೆ ಕುಡಿದು ಮೆತ್ತಗಾಗಿ ಸವೆದಿತ್ತು. ಪ್ರತಿ ಹಬ್ಬಕ್ಕೂ ಮಾವ ಧಾರಾಳವಾಗಿ ಕೊಬ್ಬರಿ ಎಣ್ಣೆ ಹಚ್ಚಿ, ನಳಿಗೆ ಮೇಲೆ ಮಾಡಿ ಕಪಾಟಿನ ಮೂಲೆಯಲ್ಲಿ ನಿಲ್ಲಿಸುತ್ತಿದ್ದರು. ಎಣ್ಣೆ ಇಳಿದಿಳಿದು ಅಲ್ಲೇ ಸೇರುತ್ತಿತ್ತು. ಭಕ್ತಿ ಜಾಸ್ತಿಯಾಯಿತು ಎಂದು ಅವರೇ ನಕ್ಕರು.

ಎಣ್ಣೆ ಹೀರಲೆಂದು, ಹೆಂಗಸರು ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಮಣ್ಣು ತಂದೆ. ಮನೆಯಲ್ಲಿ ಮದುವೆಯೇ ಎಂದು ಅಂಗಡಿಯ ಭಯ್ಯಾ ಕೇಳಿದ. ಕೋವಿಯ ಮುಖಕ್ಕೆ ಎನ್ನಲಾಗುತ್ತದೆಯೇ? ಹೂಂ ಎಂದೆ. ಕಲಸಿ ಮೆತ್ತಿದೆವು, ಒಣಗಿದ ಮೇಲೆ ಕೆರೆದೆವು, ಮತ್ತೆ ಮೆತ್ತಿದೆವು. ಮಣ್ಣಿಗೆ ಎಣ್ಣೆ ಅಂಟುವುದು ನಿಂತ ಮೇಲೆ ಸವೆದ ತುದಿಗೆ ಕಾಗದದಷ್ಟು ತೆಳುವಾದ ಶೀಶಮ್ ಮರದ ಚಕ್ಕೆ ಅಂಟಿಸಿ ಉಜ್ಜಿದೆ. ಜಾಸ್ತಿ ಉಜ್ಜಬೇಡ ಎಂದು ಮಾವ ಪಕ್ಕದಲ್ಲೇ ಕೂತು ಕಾಟ ಕೊಟ್ಟರು. ಮರ ಸರಕ್ಕನೆ ಒಳಗೆ ಹೋಗಿ ಕೂತಿತು. ಅಲುಗಿಸಿದೆ, ಸದ್ದಿಲ್ಲ. ಅಷ್ಟು ಸಣ್ಣ ಚಕ್ಕೆ!

ಮಾವ ಕೋವಿಯನ್ನು ಎತ್ತಿ ಕಿಟಕಿಯ ಕಡೆ ಹಿಡಿದರು. ಕಟಕಟ ಇರಲಿಲ್ಲ. ಆದರೆ ನಳಿಗೆಯ ತುದಿ ಕಿಟಕಿಯ ಸರಳಿನ ಆಚೀಚೆ ನಡುಗುತ್ತಿತ್ತು. ನಾನು ನೋಡಿದೆ. ಅವರೂ ನೋಡಿದರು. ಅವರು ಕೋವಿಯನ್ನು ಕೆಳಗಿಳಿಸದೆ ತುದಿಯನ್ನೇ ದಿಟ್ಟಿಸಿ ನೋಡುತ್ತ ನಿಂತರು. ತನ್ನ ಕೈಯನ್ನು ಅಷ್ಟು ನಿಚ್ಚಳವಾಗಿ ನೋಡಿಕೊಂಡ ಮನುಷ್ಯನನ್ನು ನಾನು ಮತ್ತೆ ಕಂಡಿಲ್ಲ.

"ಕೋವಿ ಸರಿಯಾಯ್ತು ಮಗಳೇ. ನಡುಕ ನಂದೇ," ಎಂದರು. "ಇದನ್ನ ಯಾರಿಗೂ ಒಪ್ಪಿಸೋದು ಬೇಡ. ಈ ಸಲ ಹೂ ನೀನು ಮುಡಿಸು."

ಹಬ್ಬದ ದಿನ ದೀಪದ ಮುಂದೆ ಕೋವಿ ಹಿಡಿದು ಚೆಂಡುಹೂವು ಮುಡಿಸುವಾಗ ನನ್ನ ಕೈಯೂ ನಡುಗಿತು. ಮರ ಸದ್ದು ಮಾಡಲಿಲ್ಲ.