ಹಲಸೂರಿನ ಬೆತ್ತದ ಕುರ್ಚಿ

ಸತ್ತವರ ದನಿ ಕೇಳಿಸಿತೆಂದು ಯಾರಾದರೂ ಹೇಳಿದರೆ ನಾನು ನಕ್ಕುಬಿಡುತ್ತಿದ್ದೆ. ಅಂಥದ್ದನ್ನು ಈಗ ನಂಬುತ್ತೇನೆಂದೂ ಹೇಳಲಾರೆ. ಆದರೆ ನಗುವುದನ್ನು ಬಿಟ್ಟಿದ್ದೇನೆ.

ಆಗ ಯುದ್ಧ ಮುಗಿದ ಹೊಸತು. ದೇಶದ ಸಂಸಾರಗಳ ಬಳಿ ಎಷ್ಟು ಆಸ್ತಿಯಿದೆ, ಅದು ಯಾರ ಪಾಲಿಗೆ ಎಷ್ಟು ಹಂಚಿಹೋಗಿದೆ ಎಂದು ತಿಳಿಯಲು ಸರ್ಕಾರದವರು ಊರೂರಲ್ಲಿ ಕೆಲವು ಮನೆಗಳನ್ನು ಆರಿಸಿ ವಿಚಾರಿಸುತ್ತಿದ್ದರು. ಹಲಸೂರಿನ ಬೀದಿಗಳು ನನ್ನ ಪಾಲಿಗೆ ಬಂದವು. ಮನೆ ಸ್ವಂತದ್ದೇ, ಒಡವೆಯೇನು, ಪಾತ್ರೆಯೇನು, ಮಂಚ ಕುರ್ಚಿ ಇವೆಯೇ ಎಂದು ಕೇಳಿ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆದುಕೊಳ್ಳಬೇಕಿತ್ತು. ತೆರಿಗೆ ಹಾಕಲು ಬಂದವನೆಂದು ಜನ ನನ್ನನ್ನು ಬಾಗಿಲಿನಿಂದಲೇ ಸಾಗಹಾಕುತ್ತಿದ್ದರು. ಬೆಂಗಳೂರಿನಲ್ಲಿ ನನ್ನವರೆನ್ನುವವರು ಯಾರೂ ಇರಲಿಲ್ಲ. ರಿಚರ್ಡ್ಸ್ ಟೌನಿನ ಒಂದು ಬಂಗಲೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ದಿನವೆಲ್ಲ ಪರರ ಮನೆಯಲ್ಲಿ ಏನಿದೆ ಎಂದು ಕೇಳಿ ಬಂದು, ಒಂದು ಮಾತಿಗೂ ಜನವಿಲ್ಲದೆ ಮಲಗುತ್ತಿದ್ದೆ.

ಒಂದು ಸಂಜೆ ಕೆರೆಯ ಹತ್ತಿರದ ಓಣಿಯಲ್ಲಿ ಮುನಿಯಮ್ಮ ಎಂಬ ವಯಸ್ಸಾದ ಹೆಂಗಸಿನ ಮನೆಗೆ ಹೋದೆ. ಸೀಮೆಎಣ್ಣೆಗೆ ಪರದಾಡುವ ಕಾಲ. ಇನ್ನೂ ದೀಪ ಹಚ್ಚಿರಲಿಲ್ಲ. ನನ್ನನ್ನು ಒಳಗೆ ಕರೆದು ಆಕೆ ನೀರು ತರಲು ಹೋದಳು. ಆಗ ಗೋಡೆಯ ಕಡೆಯಿಂದ ಗಂಡಸೊಬ್ಬರ ಗೊಗ್ಗರು ದನಿ, "ದಣಿದಿದ್ದೀಯ. ಕುರ್ಚಿ ಇದೆ, ಕೂತ್ಕೊಳ್ಳಪ್ಪ" ಎಂದಿತು. ಮಾತಿನ ನಡುವೆ ಒಮ್ಮೆ ಕೆಮ್ಮು ಬಂತು. ಮಬ್ಬಿನಲ್ಲಿ ಮುಖ ಕಾಣಲಿಲ್ಲ. ಕೈಗೆ ಬೆತ್ತದ ಕುರ್ಚಿ ತಗಲಿತು. ಕೂತೆ. ಅದು ಕಿರುಗುಟ್ಟಿತು. ಕಾಲಿನ ನೋವೆಲ್ಲ ಇಳಿದಂತಾಯಿತು. ಆ ಕೆಲಸಕ್ಕೆ ಸೇರಿದ ಮೇಲೆ ನನ್ನನ್ನು ಕೂರಲು ಹೇಳಿದವರು ಅವರೊಬ್ಬರೇ.

ಮುನಿಯಮ್ಮ ನೀರು ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಮನೆಯಲ್ಲಿ ತಾನೊಬ್ಬಳೇ ಎಂದಳು. ಮಾತಾಡಿದವರು ಯಾರೋ ನೆಂಟರಿರಬೇಕೆಂದು ನಾನು ವಿಚಾರಿಸಲಿಲ್ಲ. ಕುರ್ಚಿಯನ್ನೂ ಸೇರಿಸಿ ಬರೆದುಕೊಂಡು ಬಂದೆ.

ಮರುದಿನ ಬೆಳಿಗ್ಗೆ ಸೂಪರ್‌ವೈಸರ್ ನನ್ನ ಕೆಲಸ ನೋಡಲು ಅದೇ ಮನೆಗೆ ಬಂದರು. ನಾಲ್ಕು ಗೋಡೆ, ಒಂದು ಚಾಪೆ, ಮೂಲೆಯಲ್ಲಿ ಒಲೆ.

"ಎಲ್ರೀ ಕುರ್ಚಿ?" ಎಂದು ಅವರು ನನ್ನನ್ನು ಕೇಳಿದರು.

"ಕುರ್ಚಿನಾ?" ಮುನಿಯಮ್ಮ ಬೆರಗಾದಳು. "ನಮ್ಮ ಯಜಮಾನ್ರು ಹೋದ್ಮೇಲೆ ಮಾರ್ಬಿಟ್ಟೆ, ಸ್ವಾಮಿ."

"ನಿನ್ನೆ ಅದರಲ್ಲೇ ಕೂತಿದ್ದೆನಲ್ಲಮ್ಮ."

"ನೀವು ನಿಂತ್ಕೊಂಡೇ ಬರ್ಕೊಂಡ್ರಿ. ಕೂತ್ಕೊಳ್ಳೋಕೆ ಏನೂ ಇಲ್ವಲ್ಲ ಅಂತ ನಂಗೇ ನಾಚ್ಕೆ ಆಯ್ತು."

ಸೂಪರ್‌ವೈಸರ್ ನನ್ನ ಪಟ್ಟಿಯಿಂದ ಕುರ್ಚಿಯನ್ನು ಹೊಡೆದುಹಾಕಿ, ನಿದ್ದೆ ಸರಿಯಾಗಿ ಮಾಡಿ ಎಂದು ನನಗೆ ಹೇಳಿ ಪಕ್ಕದ ಬೀದಿಗೆ ಹೋದರು. ನಾನು ಉಳಿದೆ. ಕೇಳಿಸಿದ ದನಿಯನ್ನೂ ಕೆಮ್ಮನ್ನೂ ಹೇಳಿದೆ. ಆಕೆ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. "ನಮ್ಮ ಯಜಮಾನ್ರೂ ಮಾತಿನ ಮಧ್ಯೆ ಹಾಗೇ ಕೆಮ್ತಿದ್ರು" ಎಂದು, ಕೇಳಿದಳು: "ಇನ್ನೇನಾದ್ರೂ ಅಂದ್ರಾ? ನನ್ನ ಕೇಳ್ಲಿಲ್ವಾ?"

ಇಲ್ಲ ಎಂದೆ.

"ಇವತ್ತು ಸಂಜೆ ಒಂದ್ಸಲ ಬನ್ರಪ್ಪ. ಅಲ್ಲೇ ನಿಂತ್ಕೊಳ್ಳಿ, ಸಾಕು" ಎಂದಳು.

ಹೋದೆ. ಅದೇ ಮಬ್ಬು, ಅದೇ ಜಾಗ. ಆಕೆ ನನ್ನ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಿಂತಳು. ಕೆರೆಯ ಕಡೆಯಿಂದ ಕಪ್ಪೆಗಳ ಸದ್ದು, ಮದ್ರಾಸ್ ರಸ್ತೆಯಲ್ಲಿ ಒಂದು ಲಾರಿ. ಬೇರೇನೂ ಇಲ್ಲ. ಗೋಡೆಯ ಕಡೆಗೆ ಕೈ ಚಾಚಿ ತಡವಿದೆ. ಕೈಗೆ ಗಾಳಿ ಮಾತ್ರ ಸಿಕ್ಕಿತು.

ದಣಿವಿನಿಂದ ಹಾಗಾಯಿತೆಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ದಣಿದವನಿಗೆ ಕುರ್ಚಿ ಕಂಡೀತು, ಸರಿ. ಆದರೆ ಎಂದೂ ನೋಡದವರ ಕೆಮ್ಮು ಹೇಗೆ ಕೇಳಿಸಿತು?

ಕತ್ತಲಾದ ಮೇಲೆ ಮುನಿಯಮ್ಮ ದೀಪ ಹಚ್ಚಿದಳು. "ನನ್ನತ್ರ ಮಾತಾಡೋಕೆ ಅವರಿಗೆ ಮೊದಲಿಂದ್ಲೂ ಸಂಕೋಚ" ಎಂದು, ಬಾಗಿಲವರೆಗೆ ಬಂದು ನನ್ನನ್ನು ಕಳಿಸಿಕೊಟ್ಟಳು.