ತೊವ್ವೆಯ ಮೇಲಿನ ತುಪ್ಪ

ನಮ್ಮ ಮನೆಯಲ್ಲಿ ಅರವತ್ತು ಮುಟ್ಟಿದ ಗಂಡಸೇ ಇರಲಿಲ್ಲ. ಅಪ್ಪ ಐವತ್ತೇಳಕ್ಕೆ ಹೋದರು, ಅಣ್ಣ ಐವತ್ತೈದಕ್ಕೆ. ಇಬ್ಬರಿಗೂ ಸಕ್ಕರೆ ಕಾಯಿಲೆ ಇತ್ತು, ಇಬ್ಬರನ್ನೂ ಕೊಂಡೊಯ್ದದ್ದು ಹಾರ್ಟ್ ಅಟ್ಯಾಕ್. ಅಗ್ರಹಾರದಲ್ಲಿ ನಮ್ಮದು ಮದುವೆ ಮುಂಜಿಗಳ ಅಡುಗೆ ಕಸುಬು. ಮೈಸೂರಿನ ಎಷ್ಟೋ ಜನರ ಷಷ್ಟ್ಯಬ್ದಿಗೆ ಒಲೆ ಹಚ್ಚಿದವರು ನಾವು. ಅರವತ್ತರ ಆ ಶಾಂತಿಯಲ್ಲಿ ಮಣೆಯ ಮೇಲೆ ಕೂತವರು ಮಾತ್ರ ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಐವತ್ತೊಂದಕ್ಕೆ ನನಗೂ ಸಕ್ಕರೆ ಕಾಯಿಲೆ ಬಂತು. ಹೆದರಿ ಸಿಹಿ ಬಿಟ್ಟುಬಿಟ್ಟೆ. ದಿನವಿಡೀ ಹೋಳಿಗೆ ತಟ್ಟುವವನು ಒಂದು ಚೂರನ್ನೂ ಬಾಯಿಗಿಡದೆ ಇರುವುದು ಹುಡುಗಾಟವಲ್ಲ. ಅದಕ್ಕೆ ನನಗೆ ನಾನೇ ಒಂದು ಬಹುಮಾನ ಕೊಟ್ಟುಕೊಂಡೆ. ಪಂಕ್ತಿಗಳೆಲ್ಲ ಎದ್ದ ಮೇಲೆ ನಾವು ಅಡುಗೆಯವರು ಊಟಕ್ಕೆ ಕೂರುತ್ತೇವಲ್ಲ, ಆಗ ಹೋಳಿಗೆಗೆ ಸಲ್ಲಬೇಕಾದ ತುಪ್ಪವನ್ನೂ ತೊವ್ವೆಯ ಮೇಲೆಯೇ ಸುರಿಸಿಕೊಳ್ಳುತ್ತಿದ್ದೆ. ಜೊತೆಗೆ ಮಿಕ್ಕ ಬೋಂಡ. ಮಾತ್ರೆಯ ದಯೆಯಿಂದ ಸಕ್ಕರೆ ಅಂಕೆಯಲ್ಲಿತ್ತು. ಗೆದ್ದೆ ಅಂತ ಬೀಗಿದೆ.

ಒಮ್ಮೆ ವಿಜಯನಗರದ ಡಾಕ್ಟರಮ್ಮ ರಕ್ತದಲ್ಲಿನ ಕೊಬ್ಬನ್ನೂ ಪರೀಕ್ಷೆ ಮಾಡಿಸಿದರು. ರಿಪೋರ್ಟ್ ನೋಡಿ ಕನ್ನಡಕ ತೆಗೆದಿಟ್ಟರು.

"ತುಪ್ಪ ಎಷ್ಟು ತಿಂತೀರಿ?"

"ತುಪ್ಪದಲ್ಲಿ ಸಕ್ಕರೆ ಎಲ್ಲಿದೆ ಮೇಡಂ?" ಅಂದೆ. ನನ್ನ ಜಾಣತನಕ್ಕೆ ನಾನೇ ನಕ್ಕೆ.

ಅವರು ನಗಲಿಲ್ಲ. "ನೀವು ಸಕ್ಕರೆ ಒಂದನ್ನೇ ಕಾಯ್ತಾ ಕೂತಿದ್ದೀರಿ. ಈ ಕಾಯಿಲೆ ಇರೋರಿಗೆ ಹೃದಯದ ಅಪಾಯ ಮೊದಲೇ ಜಾಸ್ತಿ. ಕೆಟ್ಟ ಕೊಬ್ಬು ರಕ್ತನಾಳದ ಗೋಡೇಲಿ ಕೂತ್ಕೊಂಡು ದಾರಿ ಕಿರಿದು ಮಾಡುತ್ತೆ. ನೋವಿರಲ್ಲ, ಸುಳಿವಿರಲ್ಲ. ನಿಮ್ಮ ತಂದೆಯವರಿಗೆ ಈ ಪರೀಕ್ಷೆ ಮಾಡಿಸಿದ್ರಾ?"

ಮಾಡಿಸಿರಲಿಲ್ಲ. ಅಪ್ಪನೂ ಸಿಹಿ ಬಿಟ್ಟಿದ್ದರು, ಅಪ್ಪನೂ ತುಪ್ಪ ಸುರಿಸಿಕೊಳ್ಳುತ್ತಿದ್ದರು. ಅವರ ಎಲೆಗೆ ಪ್ರೀತಿಯಿಂದ ಬಡಿಸುತ್ತಿದ್ದವನು ನಾನೇ. ಅವತ್ತು ಬಸ್ಸಿನಲ್ಲಿ ಕಿಟಕಿಗೆ ಮುಖ ಹಾಕಿಕೊಂಡು ಅತ್ತುಬಿಟ್ಟೆ.

ಕೊಬ್ಬಿಗೂ ಒಂದು ಮಾತ್ರೆ ಶುರುವಾಯಿತು. ತುಪ್ಪ ಚಮಚಕ್ಕೆ ಇಳಿಯಿತು, ಬೋಂಡ ತಪ್ಪಿತು, ಬೆಳಗಿನ ನಡಿಗೆ ಸೇರಿಕೊಂಡಿತು. ಕೆಲವು ತಿಂಗಳಿಗೆ ರಿಪೋರ್ಟ್ ಚೆನ್ನಾಗಿ ಬಂತು. ಇನ್ನೇಕೆ ಅಂತ ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ! ಮುಂದಿನ ಸಲ ಕೊಬ್ಬು ಮತ್ತೆ ಮೇಲೇರಿತ್ತು. ಹೆಂಡತಿ ರಿಪೋರ್ಟನ್ನು ನನ್ನ ಮುಂದೆ ಹಿಡಿದಳು.

"ಅದು ಇಳಿದಿದ್ದು ಮಾತ್ರೆಯಿಂದ ಕಣ್ರೀ, ನಿಮ್ಮ ಪ್ರತಾಪದಿಂದಲ್ಲ. ನನಗೆ ನಿಮ್ಮ ಜೊತೆ ಅರವತ್ತರ ಮಣೆ ಮೇಲೆ ಕೂರಬೇಕು. ಕೂರಿಸ್ತೀರೋ ಇಲ್ವೋ ಹೇಳಿಬುಡಿ."

ಅವತ್ತಿನಿಂದ ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ.

ಐವತ್ತೇಳು ದಾಟಿದ ದಿನ ಅಪ್ಪನ ಫೋಟೋ ಒರೆಸಿ ಕೆಲಸಕ್ಕೆ ಹೋದೆ. ಹೋದ ವರ್ಷ ಅರವತ್ತು ತುಂಬಿತು. ನನ್ನ ತಂಡದವರೇ ಅಡುಗೆಗೆ ನಿಂತರು, ನನ್ನನ್ನು ಒಲೆಯ ಹತ್ತಿರ ಸೇರಿಸಲಿಲ್ಲ. ಹೋಮವಾಯಿತು, ಕಲಶದ ನೀರು ತಲೆಗೆ ಬಿತ್ತು, ಹೆಂಡತಿಗೆ ಮತ್ತೊಮ್ಮೆ ತಾಳಿ ಕಟ್ಟಿದೆ.

ಊಟಕ್ಕೆ ಕೂತೆವು. ಬಡಿಸುವವರಿಗೆಲ್ಲ ನಾನು ಕಲಿಸಿದ ಮೊದಲ ಪಾಠ ಒಂದಿದೆ: ಬೇಡ ಅಂದವರನ್ನು ನಂಬಬೇಡಿ, ಸಂಕೋಚಕ್ಕೆ ಹೇಳುತ್ತಾರೆ, ಎಲೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲಾದರೂ ಬಡಿಸಿ. ಮೂವತ್ತು ವರ್ಷ ನನ್ನ ಜೊತೆ ದುಡಿದ ಗೆಳೆಯ ತುಪ್ಪದ ಮಿಳ್ಳೆ ಹಿಡಿದು ಬಂದ. ಆ ಪಾಠವನ್ನು ಅವನಷ್ಟು ಚೆನ್ನಾಗಿ ಕಲಿತವರು ಮೈಸೂರಿನಲ್ಲಿಲ್ಲ. ನಾನು ಎರಡೂ ಕೈ ಎಲೆಯ ಮೇಲೆ ಅಡ್ಡ ಹಿಡಿದೆ.

ಅವನು ನನ್ನ ಕೈ ನೋಡಿದ, ಮುಖ ನೋಡಿದ. "ಶಾಸ್ತ್ರಕ್ಕೆ ಒಂದು ತೊಟ್ಟು ಅಣ್ಣ," ಅಂದ. ಕೈ ಸರಿಸಿದೆ. ಒಂದೇ ತೊಟ್ಟು ಬಿತ್ತು. ಅವನು ಕಣ್ಣೊರೆಸಿಕೊಂಡು ಪಕ್ಕದ ಎಲೆಗೆ ಹೋದ.

ಆ ಒಂದು ತೊಟ್ಟನ್ನು ಅಪ್ಪನ ಹೆಸರಲ್ಲಿ, ಅಣ್ಣನ ಹೆಸರಲ್ಲಿ ತೊವ್ವೆಗೆ ಕಲೆಸಿಕೊಂಡು ಹೊಟ್ಟೆ ತುಂಬ ಉಂಡೆ.