ಮಾತು ಕೇಳದ ನಾಯಿ

ಬೈಲಹೊಂಗಲದ ದನದ ದವಾಖಾನೆಯಲ್ಲಿ ದಿನವಿಡೀ ಎಮ್ಮೆಗಳನ್ನು ನೋಡಿ ಸಾಕಾಗಿ ಬಾಗಿಲು ಹಾಕುತ್ತಿದ್ದೆ. ನೇಸರಗಿಯ ಲಾರಿ ಡ್ರೈವರ್ ದಸ್ತಗೀರಸಾಬರು ಬಂದರು. ಕಂಕುಳಲ್ಲಿ ಜೋಲುಕಿವಿಯ ಸ್ಪ್ಯಾನಿಯಲ್ ನಾಯಿ.

“ಮಾತ ಕೇಳಂಗಿಲ್ರಿ ಡಾಕ್ಟರ್. ಎಷ್ಟ್ ಕರದ್ರೂ ಬರಂಗಿಲ್ಲ. ಯಾರಿಗರ ಕೊಟ್ಟಬಿಡ್ತೇನ್ರಿ.”

“ಮಾತ ಕೇಳಾಕ ಇಂಜೆಕ್ಷನ್ ಇಲ್ರಿ,” ಎಂದು ಸಿಡುಕುತ್ತಲೇ ಅದರ ಕಿವಿ ಎತ್ತಿದೆ. ಗಬ್ಬು ವಾಸನೆ ಮುಖಕ್ಕೆ ಬಡಿಯಿತು. ಗಾಳಿಯಾಡದೆ ಒಳಗೆಲ್ಲ ಕೀವು ತುಂಬಿತ್ತು.

“ಸಾಬರ, ಇದಕ್ಕ ನಿಮ್ಮ ಮಾತ ಕೇಳಸೂದ ಇಲ್ಲ. ಈ ಜಾತಿ ನಾಯೀದು ವಾರಕ್ಕೊಮ್ಮೆ ಕಿವಿ ಒರಸಬೇಕ್ರಿ.”

ಸಾಬರು ಅದರ ತಲೆ ಸವರಿದರು. “ಸುಮ್ಮಸುಮ್ಮನ ಬೈದ್ನೆಲ್ಲೋ ರಾಜಾ.”

ಕಿವಿ ತೊಳೆದು ಔಷಧ ಹಾಕಿ, ಮನೆಗೆ ಬಂದು ಕುರ್ಚಿಯಲ್ಲಿ ಬಿದ್ದುಕೊಂಡೆ. ಒಳಗಿನಿಂದ ಹೆಂಡತಿ, “ಆಗಿಂದ ಕರಿಯಾಕ ಹತ್ತೇನಿ, ಕೇಳಸ್ತೈತೋ ಇಲ್ಲೋ ನಿಮಗ?” ಎಂದಳು.

ನೆಪ ಹೇಳೋಣವೆಂದರೆ ನನ್ನ ಕಿವಿಯಲ್ಲಿ ಕೀವೂ ಇರಲಿಲ್ಲ.